ಮೇಲೆ ಎತ್ತುತ್ತಿದ್ದೇನೆ ಅಂದುಕೊಂಡು ಕೆಳಗೆ ತಳ್ಳುತ್ತಿದ್ದೆ

ಎರಡನೇ ಮಗುವಿಗೆ ಆಗ ಏಳು ತಿಂಗಳು. ಒಂದು ಸಂಜೆ ಸ್ನಾನ ಮಾಡುವಾಗ ಯೋನಿಯ ಬಾಯಿಯ ಹತ್ತಿರ ಬೆರಳಿಗೆ ಏನೋ ತಾಗಿತು. ಮೂಗಿನ ತುದಿ ಮುಟ್ಟಿದ ಹಾಗೆ. ನುಣುಪು, ಸ್ವಲ್ಪ ಗಟ್ಟಿ, ನಡುವೆ ಒಂದು ಸಣ್ಣ ತಗ್ಗು. ಅದು ಗರ್ಭಕೋಶದ ಬಾಯಿ ಅಂತ ಹೊಳೆದಾಗ ಕೈಕಾಲು ತಣ್ಣಗಾದವು. ನಾನು ಫಿಸಿಯೋಥೆರಪಿಸ್ಟ್. ಒಂಬತ್ತು ವರ್ಷ ಬೆನ್ನು, ಮಂಡಿ, ಭುಜದ ನೋವಿನವರಿಗೆ ವ್ಯಾಯಾಮ ಹೇಳಿಕೊಟ್ಟಿದ್ದೆ. ಗರ್ಭಕೋಶ ಜಾರುವ ಬಗ್ಗೆ ಓದಿದ್ದೂ ಇತ್ತು. ಆದರೆ ಓದಿದ್ದು ಬೇರೆ, ನಮ್ಮ ಮೈಗೇ ಬಂದಾಗ ಬೇರೆ.

ಯೋಚನೆ ಮಾಡಿದರೆ ಸೂಚನೆಗಳು ಮೊದಲೇ ಇದ್ದವು. ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನಕ್ಕೆ ಕೆಳಹೊಟ್ಟೆ ಭಾರ, ಸಂಜೆಗೆ ಒಳಗಿನಿಂದ ಯಾರೋ ಜಗ್ಗಿದ ಹಾಗೆ. ಮಲಗಿದರೆ ಹಾಯೆನಿಸುವುದು. ಮೂತ್ರಕ್ಕೆ ಹೋಗಿ ಬಂದ ಐದು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ನಿಸುವುದು. ಹೆರಿಗೆ ಆದ ಮೇಲೆ ಇದೆಲ್ಲ ಇದ್ದದ್ದೇ ಅಂತ ಸುಮ್ನಿದ್ದೆ.

ಸ್ತ್ರೀರೋಗ ತಜ್ಞೆ ಮಲಗಿಸಿ ನೋಡಿದರು, ಮುಕ್ಕಲು ಹೇಳಿದರು, ಆಮೇಲೆ ನಿಲ್ಲಿಸಿಯೂ ನೋಡಿದರು. ನಿಂತಾಗಲೇ ಅಲ್ವಾ ಅದು ಸರಿಯಾಗಿ ಇಳಿಯುವುದು! ಎರಡನೇ ಹಂತ ಅಂದರು. ಯೋನಿಯ ಬಾಯಿಯಲ್ಲಿರುವ ಕನ್ಯಾಪೊರೆಯ ಅಂಚನ್ನು ಗೆರೆ ಅಂತ ಇಟ್ಟುಕೊಂಡು ಅಳೆಯುತ್ತಾರೆ. ಆ ಗೆರೆಯಿಂದ 1 ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ, ಅಷ್ಟರೊಳಗೆ ಬಂದು ನಿಂತಿದ್ದರೆ ಎರಡನೇ ಹಂತ. ಪೂರ್ತಿ ಹೊರಗೆ ಬಂದುಬಿಟ್ಟರೆ ನಾಲ್ಕನೆಯದು.

ಗರ್ಭಕೋಶವನ್ನು ಮೇಲಿನಿಂದ ಹಗ್ಗದಂಥ ನಾರಿನ ಕಟ್ಟುಗಳು ಹಿಡಿದಿರುತ್ತವೆ. ಕೆಳಗಿನಿಂದ ಸ್ನಾಯುಗಳ ಒಂದು ತೊಟ್ಟಿಲು ಹೊತ್ತಿರುತ್ತದೆ. ಆ ತೊಟ್ಟಿಲು ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಹಾಸಿಕೊಂಡಿದೆ. ಅದು ಸಡಿಲವಾದರೆ ಭಾರವೆಲ್ಲ ಕಟ್ಟುಗಳ ಮೇಲೆ ಬೀಳುತ್ತದೆ, ಅವೂ ನಿಧಾನಕ್ಕೆ ಜಗ್ಗುತ್ತವೆ. ನನ್ನ ಮಗು ನಾಲ್ಕು ಕೆಜಿ ಇತ್ತು. ಎರಡು ಗಂಟೆ ಮುಕ್ಕಿದ್ದೆ, ಕೊನೆಗೆ ಫೋರ್ಸೆಪ್ಸ್ ಅನ್ನುವ ಇಕ್ಕಳ ಹಾಕಿ ತೆಗೆದರು. ಆಮೇಲೆ ಮಲಬದ್ಧತೆ. ನಾಲ್ಕು ತಿಂಗಳಿಗೇ ಕೆಲಸಕ್ಕೆ ಹೋಗಿ, ಉಸಿರು ಕಟ್ಟಿ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸುವುದು. ಎಲ್ಲವೂ ಸೇರಿ ಆದದ್ದು ಅಂತಲೇ ನನ್ನ ಲೆಕ್ಕ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಹಾರ್ಮೋನ್ ಕಡಿಮೆಯಾಗಿ ಇಳಿಯುವವರೂ ಇದ್ದಾರೆ, ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ಇಳಿದವರೂ ಇದ್ದಾರೆ.

"ಆಪರೇಷನ್‌ಗೆ ಅವಸರ ಇಲ್ಲ, ಮೊದಲು ವ್ಯಾಯಾಮ ಮಾಡಿ" ಅಂದರು ಡಾಕ್ಟರ್. ಆ ತೊಟ್ಟಿಲಿನ ಸ್ನಾಯುಗಳನ್ನು ಬಿಗಿ ಹಿಡಿದು ಮೇಲಕ್ಕೆ ಎಳೆದುಕೊಳ್ಳುವ ವ್ಯಾಯಾಮ. ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂದುಕೊಂಡೆ. ದಿನಕ್ಕೆ ಮೂರು ಸಲ, ಮೂರು ತಿಂಗಳು, ಒಂದು ದಿನವೂ ತಪ್ಪಿಸದೆ ಮಾಡಿದೆ. ಸಂಜೆಯ ಭಾರ ಕಡಿಮೆಯಾಗುವ ಬದಲು ಜಾಸ್ತಿ ಆಯಿತು.

ಕೊನೆಗೆ ಈ ಸ್ನಾಯುಗಳ ಕೆಲಸವನ್ನೇ ಮಾಡುವ ಹಿರಿಯ ಸಹೋದ್ಯೋಗಿಯ ಹತ್ತಿರ ಹೋದೆ. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ಕೈಗವಸು ಹಾಕಿ ಒಂದು ಬೆರಳಿಟ್ಟು, "ಬಿಗಿ ಮಾಡು" ಅಂದರು. ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನೀನು ಎತ್ತುತ್ತಿಲ್ಲ ಕಣೇ. ನನ್ನ ಬೆರಳನ್ನ ಹೊರಗೆ ತಳ್ತಾ ಇದ್ದೀಯ."

ಮೂರು ತಿಂಗಳು, ದಿನಕ್ಕೆ ಮೂರು ಸಲ, ನಾನೇ ಗರ್ಭಕೋಶವನ್ನು ಕೆಳಗೆ ನೂಕಿದ್ದೆ. ಅಲ್ಲೇ ಅತ್ತುಬಿಟ್ಟೆ. ಅಕ್ಕ ನೀರು ಕೊಟ್ಟು, "ಬಹಳ ಜನ ಹೀಗೇ ಮಾಡೋದು" ಅಂದರು. 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಕೂಡ ಸುಮ್ನೆ ಬಾಯಲ್ಲಿ ಹೇಳಿ ಕಳಿಸಲಿಲ್ಲ. ಒತ್ತಡ ಅಳೆಯುವ ಸಾಧನ ಮಾಡಿ, ಬಿಗಿ ಹಿಡಿದದ್ದು ಹೆಂಗಸರ ಕಣ್ಣಿಗೇ ಕಾಣುವ ಹಾಗೆ ಮಾಡಿದ್ದರು. ಕೆಗೆಲ್ ವ್ಯಾಯಾಮ ಅಂತ ಅವರ ಹೆಸರು ಉಳಿಯಿತು, ಆ ಪರೀಕ್ಷೆ ಮಾತ್ರ ಎಲ್ಲೋ ಬಿಟ್ಟುಹೋಯಿತು.

ಹೊಸದಾಗಿ ಶುರು ಮಾಡಿದೆ. ಮಂಡಿ ಮಡಚಿ ಅಂಗಾತ ಮಲಗುವುದು. ಗಾಳಿ ಹೋಗದಂತೆ ತಡೆಯುವ ಹಾಗೆ ಹಿಂದಿನಿಂದ ಬಿಗಿ ಹಿಡಿದು, ಅದನ್ನೇ ಮುಂದಕ್ಕೆ ತಂದು, ಮೇಲಕ್ಕೆ ಎಳೆದುಕೊಳ್ಳುವುದು. ಹೊಟ್ಟೆ ಉಬ್ಬಬಾರದು, ಕುಂಡಿ ಬಿಗಿಯಬಾರದು, ಉಸಿರು ಕಟ್ಟಬಾರದು. ಕನ್ನಡಿ ಇಟ್ಟು ನೋಡಿದರೆ ಯೋನಿಗೂ ಗುದಕ್ಕೂ ನಡುವಿನ ಜಾಗ ಒಳಗೆ ಸರಿಯಬೇಕು. ಹೊರಗೆ ಉಬ್ಬಿದರೆ ತಪ್ಪು, ಅಲ್ಲೇ ನಿಲ್ಲಿಸಬೇಕು. ಮೊದಲ ವಾರ ಮೂರು ಸೆಕೆಂಡ್ ಹಿಡಿಯುವುದೇ ಕಷ್ಟವಾಗಿತ್ತು. ಹತ್ತು ಸೆಕೆಂಡ್‌ಗೆ ಬರಲು ಎರಡೂವರೆ ತಿಂಗಳು ಹಿಡಿಯಿತು. ಒಂದು ಸಲಕ್ಕೆ ಎಂಟರಿಂದ ಹತ್ತು, ದಿನಕ್ಕೆ ಮೂರು ಸಲ. ಪ್ರತಿ ಸಲವೂ ಪೂರ್ತಿ ಸಡಿಲ ಬಿಡಬೇಕು. ಬಿಡುವುದೂ ವ್ಯಾಯಾಮವೇ. ಮೂತ್ರ ಮಾಡುತ್ತಾ ಮಧ್ಯೆ ತಡೆದು ಅಭ್ಯಾಸ ಮಾಡುವುದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಇದರ ಜೊತೆಗೆ ಕಲಿತ ಇನ್ನೊಂದು ವಿಷಯ ನನಗೆ ತುಂಬಾ ಉಪಯೋಗಕ್ಕೆ ಬಂತು. ಕೆಮ್ಮು, ಸೀನು ಬರುವ ಮೊದಲು ಬಿಗಿ ಹಿಡಿಯುವುದು. ಮಗುವನ್ನು ಎತ್ತುವಾಗ ಬಿಗಿ ಹಿಡಿದು, ಉಸಿರು ಬಿಡುತ್ತಾ ಏಳುವುದು. ಕಕ್ಕಸಿನಲ್ಲಿ ಕಾಲ ಕೆಳಗೆ ಸಣ್ಣ ಸ್ಟೂಲ್ ಇಟ್ಟು ಮುಂದಕ್ಕೆ ಬಾಗಿ ಕೂರುವುದು, ಮುಕ್ಕದೇ ಇರುವುದು.

ದಿನವಿಡೀ ನಿಂತು ಮಾಡುವ ಕೆಲಸಕ್ಕೆ ಡಾಕ್ಟರ್ ರಿಂಗ್ ಪೆಸರಿ ಕೊಟ್ಟರು. ಸಿಲಿಕೋನ್ ಬಳೆ, ಒಳಗೆ ಕೂತು ಗರ್ಭಕೋಶಕ್ಕೆ ಆಸರೆ ಕೊಡುತ್ತದೆ. ಮೊದಲ ಸೈಜ್ ಅಲ್ಲೇ ಕಕ್ಕಸಿನಲ್ಲಿ ಜಾರಿ ಬಿತ್ತು. ಅದಕ್ಕೇ ಹಾಕಿದ ಮೇಲೆ ಓಡಾಡಿಸಿ, ಕೆಮ್ಮಿಸಿ, ಮೂತ್ರ ಮಾಡಿಸಿ ಕಳಿಸಬೇಕು. ಎರಡನೆಯದು ಸರಿಹೋಯಿತು. ಹಾಕಿರುವುದೇ ಗೊತ್ತಾಗಬಾರದು, ಚುಚ್ಚಿದರೆ ಸೈಜ್ ತಪ್ಪು. ಒಂದು ಕಾಲು ಕುರ್ಚಿಯ ಮೇಲಿಟ್ಟು, ಬಳೆಗೆ ಜೆಲ್ ಹಚ್ಚಿ, ಎಂಟರ ಆಕಾರಕ್ಕೆ ಒತ್ತಿ ಹಿಂದಕ್ಕೆ ಜಾರಿಸಿದರೆ ಒಳಗೆ ತಾನೇ ಬಿಚ್ಚಿಕೊಳ್ಳುತ್ತದೆ. ವಾರಕ್ಕೆ ಎರಡು ರಾತ್ರಿ ತೆಗೆದು ಸೋಪು ನೀರಲ್ಲಿ ತೊಳೆದಿಡುತ್ತೇನೆ. ವಾಸನೆಯ ಬಿಳಿಸೆರಗು, ರಕ್ತ ಕಂಡರೆ ಡಾಕ್ಟರ್ ಹತ್ತಿರ ಹೋಗಬೇಕು. ಹಾಕಿ ಮರೆತರೆ ಒಳಗೆ ಹುಣ್ಣಾಗಬಹುದು.

ನಾಲ್ಕು ತಿಂಗಳಲ್ಲಿ ಸಂಜೆಯ ಜಗ್ಗುವಿಕೆ ಹೆಚ್ಚುಕಡಿಮೆ ಹೋಯಿತು. ಗರ್ಭಕೋಶದ ಬಾಯಿ ಸ್ವಲ್ಪ ಮೇಲೆ ಸರಿದಿದೆ, ಮೊದಲಿನ ಜಾಗಕ್ಕೆ ಹೋಗಿಲ್ಲ. ಹೋಗುತ್ತದೆ ಅಂತ ಯಾರಿಗೂ ಮಾತು ಕೊಡಲಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 447 ಹೆಂಗಸರಿದ್ದರು. ಅವರಲ್ಲಿ ಒಬ್ಬೊಬ್ಬರಾಗಿ ಕೂತು ಈ ವ್ಯಾಯಾಮ ಕಲಿತವರಿಗೆ ವರ್ಷದ ನಂತರ ತೊಂದರೆ ಕಡಿಮೆಯಾಗಿತ್ತು.

ಈಗ ನಾನೂ ಇದೇ ಕೆಲಸ ಮಾಡುತ್ತೇನೆ. ಹೋದ ವರ್ಷ ಅರವತ್ತು ದಾಟಿದ ಒಬ್ಬರು ಬಂದಿದ್ದರು. ಮೂತ್ರ ಮಾಡಬೇಕಾದರೆ ಹೊರಗೆ ಬಂದ ಗರ್ಭಕೋಶವನ್ನು ಕೈಯಿಂದ ಒಳಗೆ ತಳ್ಳಿಕೊಳ್ಳಬೇಕಿತ್ತು, ಅದೂ ಹತ್ತಾರು ವರ್ಷದಿಂದ. ಬಟ್ಟೆಗೆ ಉಜ್ಜಿ ಹುಣ್ಣಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ಇಷ್ಟು ಇಳಿದಾಗ ಕಿಡ್ನಿಯಿಂದ ಬರುವ ಮೂತ್ರನಾಳ ಬಾಗಿ ಕಿಡ್ನಿಗೂ ಪೆಟ್ಟಾಗಬಹುದು, ಹಾಗಾಗಿ ಸ್ಕ್ಯಾನ್ ಮಾಡಿಸಲು ಕಳಿಸಿದೆ. ಅವರಿಗೆ ವ್ಯಾಯಾಮವೊಂದೇ ಸಾಲುತ್ತಿರಲಿಲ್ಲ. ಹುಣ್ಣು ಮಾಯಲು ಈಸ್ಟ್ರೋಜೆನ್ ಕ್ರೀಮ್, ಆಮೇಲೆ ಆಪರೇಷನ್. ಗರ್ಭಕೋಶ ತೆಗೆದ ಮೇಲೂ ಯೋನಿಯ ಮೇಲ್ತುದಿ ಇಳಿಯಬಹುದು, ಆದ್ದರಿಂದ ಆಪರೇಷನ್ ಆದ ಮೇಲೂ ಬರಲು ಹೇಳಿದ್ದೆ, ಬಂದರು.

ಬೆರಳಿಟ್ಟು, "ಎಳೆದುಕೊಳ್ಳಿ ಅಮ್ಮ" ಅಂದೆ. ತಳ್ಳಿದರು. ಇನ್ನೊಂದು ಸಲ ಅಂದೆ. ಮತ್ತೆ ತಳ್ಳಿದರು. ಐದನೇ ಸಲಕ್ಕೆ ಬೆರಳು ಒಂದು ಕೂದಲೆಳೆಯಷ್ಟು ಒಳಗೆ ಸರಿಯಿತು.

"ಈಗ ಬಂತಾ ಮೇಡಂ?" ಅಂತ ಅವರೇ ಕೇಳಿದರು.