ಗಾಲ್ಫ್‌ನಲ್ಲಿ ಸ್ಟ್ರೋಕ್ ಎಲ್ಲಿ ಸೋರುತ್ತಿದೆ, ಮೊದಲು ಅದನ್ನು ಹುಡುಕಿ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗೆ ಟರ್ನಿಂಗ್, ಬೋರಿಂಗ್, ಡ್ರಿಲ್ಲಿಂಗ್ ಮಾಡಿ ಕೊಡುವುದು ನಮ್ಮ ಕೆಲಸ. ಒಂದು ವಾರ ರಿಜೆಕ್ಷನ್ ಜಾಸ್ತಿ ಆಯಿತು ಅಂದುಕೊಳ್ಳಿ. ಹುಡುಗರನ್ನು ಕರೆದು "ಇನ್ನೂ ಚಲೋ ಕೆಲಸ ಮಾಡ್ರಿ" ಅಂದರೆ ಏನೂ ಆಗುವುದಿಲ್ಲ. ಎಷ್ಟು ಜಾಬ್‌ನ ಬೋರ್ ದೊಡ್ಡದಾಯಿತು, ಎಷ್ಟರಲ್ಲಿ ಬ್ಲೋ ಹೋಲ್ (ಎರಕದೊಳಗಿನ ಗಾಳಿ ತೂತು) ಇತ್ತು, ಎಷ್ಟಕ್ಕೆ ಡ್ರಿಲ್ ಜಾಗ ತಪ್ಪಿತು ಅಂತ ಬೇರೆ ಬೇರೆ ಬರೆದಾಗಲೇ ದಾರಿ ಕಾಣುತ್ತದೆ. ಗಾಲ್ಫ್‌ನಲ್ಲಿ ಮಾತ್ರ ಯಾರೂ ಇದನ್ನು ಮಾಡುವುದಿಲ್ಲ. ಭಾನುವಾರ 18 ಹೋಲ್‌ಗೆ 98 ಸ್ಟ್ರೋಕ್ (ಹೊಡೆತ) ಹೊಡೆದು ಬರುತ್ತಾರೆ, "ಇವತ್ತು ಪುಟ್ಟಿಂಗ್ ಕೈಕೊಟ್ಟಿತು, ಚೆಂಡು ಹೋಲ್‌ಗೆ ಉರುಳಲೇ ಇಲ್ಲ" ಅನ್ನುತ್ತಾರೆ, ಸಂಜೆ ಕೂತು ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ಡ್ರೈವರ್‌ನ ವಿಡಿಯೋ ನೋಡುತ್ತಾರೆ!

90 ಮತ್ತು 110ರ ನಡುವೆ ಸಿಕ್ಕಿಹಾಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 75 ಸ್ಟ್ರೋಕ್‌ನಲ್ಲೇ ಮುಗಿಸುವವರಿಗೆ ನನ್ನಿಂದ ಕಲಿಯುವುದು ಏನೂ ಇಲ್ಲ.

ಸ್ಕೋರ್‌ಕಾರ್ಡ್‌ನ ಅಂಚಿನಲ್ಲಿ ಪ್ರತಿ ಹೋಲ್‌ಗೂ ನಾಲ್ಕು ಸಂಗತಿ ಬರೆಯಿರಿ, ಆಮೇಲೆ ಒಂದು ಪುಸ್ತಕದಲ್ಲಿ ನಾಲ್ಕು ಕಾಲಂ ಮಾಡಿ ಇಳಿಸಿಕೊಳ್ಳಿ. ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಹೊಡೆದ ಚೆಂಡು ಮುಂದಿನ ಶಾಟ್ ಆಡುವಂಥ ಜಾಗದಲ್ಲಿ ಬಿತ್ತೋ ಇಲ್ಲವೋ. ಪೆನಾಲ್ಟಿ (ದಂಡದ ಸ್ಟ್ರೋಕ್) ಎಷ್ಟು. ಗ್ರೀನಿಗೆ (ಹೋಲ್ ಸುತ್ತಲಿನ ನುಣುಪು ಹುಲ್ಲಿಗೆ) 50 ಯಾರ್ಡ್ ಒಳಗೆ ಬಂದ ಮೇಲೆ ಹೋಲ್ ಮುಗಿಸಲು ಎಷ್ಟು ಸ್ಟ್ರೋಕ್ ಹಿಡಿಯಿತು. ಕೊನೆಗೆ, ಮೊದಲ ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಎಷ್ಟು ಹೆಜ್ಜೆ ದೂರದಿಂದ, ಒಟ್ಟು ಪಟ್ ಎಷ್ಟು.

ಹೆಜ್ಜೆ ಲೆಕ್ಕ ಯಾಕೆ ಬೇಕು ಅಂದರೆ, ಬರೀ ಪಟ್ ಎಣಿಸಿದರೆ ಮೋಸ ಹೋಗುತ್ತೀರಿ. ಪಾರ್ (ಹೋಲ್‌ಗೆ ಇಷ್ಟೆಂದು ನಿಗದಿಯಾದ ಸ್ಟ್ರೋಕ್) ಲೆಕ್ಕದಲ್ಲಿ 18 ಹೋಲ್‌ಗೆ 36 ಪಟ್. ಒಬ್ಬನು 32 ಪಟ್ ಮಾಡಿದ, ಆದರೆ ಪ್ರತಿ ಸಲ ಗ್ರೀನ್ ತಪ್ಪಿಸಿ, ಹೊರಗಿನಿಂದ ಸಣ್ಣ ಹೊಡೆತದಲ್ಲಿ ಹತ್ತಿರ ಚಿಪ್ ಮಾಡಿ, ಆಮೇಲೆ ಪಟ್ ಹಾಕಿದ. ಇನ್ನೊಬ್ಬನು 37 ಮಾಡಿದ, ಆದರೆ ಅವನ ಮೊದಲ ಪಟ್ ಎಲ್ಲಾ 12 ಹೆಜ್ಜೆ ದೂರದಿಂದ. ಪಟ್ ಹಾಕುವುದರಲ್ಲಿ ಎರಡನೆಯವನೇ ಒಳ್ಳೆಯವನಿರಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಇದನ್ನೇ ಗಣಿತಕ್ಕೆ ಇಳಿಸಿದರು. ಅದಕ್ಕೆ ಸ್ಟ್ರೋಕ್ಸ್ ಗೇನ್ಡ್ ಅಂತ ಹೆಸರು. ಅಮೆರಿಕದ ವೃತ್ತಿಪರ ಗಾಲ್ಫ್ ನಡೆಸುವ ಪಿಜಿಎ ಟೂರ್ 2011ರಲ್ಲಿ ಪುಟ್ಟಿಂಗ್ ಅಳೆಯಲು ಅದನ್ನು ತೆಗೆದುಕೊಂಡಿತು. ಎಂಟು ಅಡಿಯಿಂದ ಟೂರ್ ಆಟಗಾರರು ಸುಮಾರು ಅರ್ಧದಷ್ಟು ಪಟ್‌ಗಳನ್ನು ಮಾತ್ರ ಹೋಲ್‌ಗೆ ಹಾಕುತ್ತಾರೆ, ಅಂದರೆ ಅಲ್ಲಿಂದ ಸರಾಸರಿ ಒಂದೂವರೆ ಸ್ಟ್ರೋಕ್. ನೀವು ಒಂದರಲ್ಲಿ ಮುಗಿಸಿದರೆ ಅರ್ಧ ಸ್ಟ್ರೋಕ್ ಲಾಭ, ಎರಡರಲ್ಲಿ ಮುಗಿಸಿದರೆ ಅರ್ಧ ನಷ್ಟ. ಎಂಟು ಅಡಿ ತಪ್ಪಿತೆಂದು ಪಟರ್ (ಪಟ್ ಮಾಡುವ ಕ್ಲಬ್) ಮೇಲೆ ಸಿಟ್ಟು ಮಾಡುವವರು ಈ ಅಂಕಿಯನ್ನು ಬ್ಯಾಗಿಗೆ ಅಂಟಿಸಿಕೊಳ್ಳಲಿ.

ಬ್ರಾಡಿ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು 100 ಯಾರ್ಡ್‌ಗಿಂತ ದೂರದ ಶಾಟ್‌ಗಳಿಂದ ಬರುತ್ತದೆ. "ಪುಟ್ಟಿಂಗ್ ಸರಿಯಾದರೆ ಎಲ್ಲಾ ಸರಿ" ಅನ್ನುವ ಹಳೆ ಮಾತಿಗೆ ಇದು ವಿರುದ್ಧ. ಹಾಗಿದ್ದರೂ ನಮ್ಮಂಥವರು ಶುರು ಮಾಡಬೇಕಾದದ್ದು ಡ್ರೈವರ್‌ನಿಂದ ಅಲ್ಲ ಎಂದೇ ನಾನು ಹೇಳುತ್ತೇನೆ. ಸ್ವಿಂಗ್ ಬದಲಿಸಲು ಕೋಚ್ ಬೇಕು, ರೇಂಜ್ (ಹೊಡೆತ ಅಭ್ಯಾಸದ ಮೈದಾನ) ಬೇಕು, ತಿಂಗಳುಗಟ್ಟಲೆ ಸಮಯ ಬೇಕು. ಸುಮ್ನೆ ಕಳೆದುಕೊಳ್ಳುವ ಸ್ಟ್ರೋಕ್‌ಗಳನ್ನು ನಿಲ್ಲಿಸಲು ಮನೆ ಹಿತ್ತಿಲು ಸಾಕು. ಮೂರು ಪಟ್, ಎರಡು ಚಿಪ್, ಬಂಕರ್‌ನಲ್ಲೇ (ಉಸುಕಿನ ಗುಂಡಿಯಲ್ಲೇ) ಉಳಿದ ಚೆಂಡು, ಓಬಿ (ಕೋರ್ಸ್‌ನ ಗಡಿಯಾಚೆ ಹೋದ ಚೆಂಡು). ಐದಾರು ರೌಂಡ್ ಬರೆದು ನೋಡಿ, ಇವೇ ಎದ್ದು ಕಾಣುತ್ತವೆ. ಒಂದೇ ರೌಂಡ್ ನೋಡಿ ತೀರ್ಮಾನ ಮಾಡಬೇಡಿ.

ಉಕ್ಕಿನ ಸ್ಕೇಲ್ ಮೇಲೆ ಪಟ್

ಹೋಲ್‌ನ ವ್ಯಾಸ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ನಡುವಿನಿಂದ ಅಂಚಿಗೆ 54. ನೆಲ ಸಮ ಇದ್ದರೆ, ಒಂದು ಮೀಟರ್ ದೂರದಿಂದ ನೀವು ಮೂರು ಡಿಗ್ರಿ ತಪ್ಪಿದರೂ ಚೆಂಡು ಒಳಗೆ ಬೀಳಬಹುದು. ಎರಡು ಮೀಟರ್‌ಗೆ ಒಂದೂವರೆ ಡಿಗ್ರಿ. ಮೂರು ಮೀಟರ್‌ಗೆ ಒಂದೇ ಡಿಗ್ರಿ. ಲೇತ್ ಮೇಲೆ ಒಂದು ಡಿಗ್ರಿ ಅಂದರೆ ದೊಡ್ಡ ತಪ್ಪು, ಆದರೆ ಕೈಯಲ್ಲಿ ಪಟರ್ ಹಿಡಿದವನಿಗೆ ಅದು ಭಾರಿ ಸಣ್ಣದು.

ಅಂಗಡಿಯಲ್ಲಿ ಸಿಗುವ ಒಂದು ಮೀಟರ್ ಉದ್ದದ ಸ್ಟೀಲ್ ಸ್ಕೇಲ್ ತನ್ನಿ. ಜಮಖಾನೆ ಮೇಲೆ ಹಾಸಿ, ಒಂದು ತುದಿಗೆ ಚೆಂಡು ಇಡಿ, ಪಟ್ ಮಾಡಿ. ಚೆಂಡು ಸ್ಕೇಲ್‌ನ ಕೊನೆಯವರೆಗೆ ಉರುಳಿ ಹೋದರೆ ನಿಮ್ಮ ದಿಕ್ಕು ಹೆಚ್ಚುಕಡಿಮೆ ಆ ಒಂದು ಡಿಗ್ರಿಯ ಒಳಗಿದೆ. ಅರ್ಧಕ್ಕೇ ಬಲಗಡೆ ಇಳಿದರೆ ಪಟರ್‌ನ ಫೇಸ್ (ಚೆಂಡಿಗೆ ತಾಗುವ ಮುಖ) ತೆರೆದಿದೆ, ಅಂದರೆ ಬಲಕ್ಕೆ ತಿರುಗಿದೆ, ಎಡಗಡೆ ಇಳಿದರೆ ಮುಚ್ಚಿದೆ. ಪಟ್‌ನಲ್ಲಿ ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಫೇಸೇ, ಕೈ ಹೋದ ದಾರಿ ಅಲ್ಲ. (ನಾನು ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.) ನುಣುಪು ಫರ್ಶಿ ಮೇಲೆ ಇದನ್ನು ಮಾಡಬೇಡಿ. ಚೆಂಡು ಅಡುಗೆಮನೆಗೆ ಹೋಗುತ್ತದೆ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ.

ದಿಕ್ಕು ಮನೆಯಲ್ಲಿ ಕಲಿಯಬಹುದು, ವೇಗ ಗ್ರೀನ್ ಮೇಲೆಯೇ ಕಲಿಯಬೇಕು. ಮೂರು ಪಟ್ ಆಗುವುದು ಬಹಳ ಸಲ ದಿಕ್ಕಿನಿಂದಲ್ಲ, ಮೊದಲ ಪಟ್ ಆರಡಿ ಮೊದಲೇ ನಿಂತದ್ದರಿಂದ. ಹತ್ತು ಹೆಜ್ಜೆ ದೂರದಿಂದ ಹೋಲ್ ಹಾಕಲು ನೋಡಬೇಡಿ, ಹೋಲ್ ಸುತ್ತ ಮೂರಡಿ ವೃತ್ತದೊಳಗೆ ನಿಲ್ಲಿಸಲು ನೋಡಿ. ರೌಂಡ್‌ಗೆ ಮುಂಚೆ ಹತ್ತು ನಿಮಿಷ ಇದ್ದರೆ ಹತ್ತೂ ನಿಮಿಷ ಇದಕ್ಕೇ ಕೊಡಿ. ಚಳಿಗಾಲದ ಬೆಳಿಗ್ಗೆ ಇಬ್ಬನಿ ಇರುವಾಗ ಗ್ರೀನ್ ನಿಧಾನ, ಹತ್ತು ಗಂಟೆಯ ಬಿಸಿಲಿಗೆ ಅದೇ ಗ್ರೀನ್ ಜೋರು. ಮೊದಲ ಮೂರು ಹೋಲ್‌ನ ಲೆಕ್ಕ ಕೊನೆಯ ಮೂರಕ್ಕೆ ನಡೆಯುವುದಿಲ್ಲ.

ಕೆಂಪು ನೆಲ, ಗಟ್ಟಿ ನೆಲ

ಬೆಳಗಾವಿಯಲ್ಲಿ ಗಾಲ್ಫ್ ಆಡುವವರಿಗೆ ಎರಡು ಬೇರೆ ಬೇರೆ ನೆಲ. ಏಪ್ರಿಲ್, ಮೇನಲ್ಲಿ ಕೆಂಪು ಮಣ್ಣು ಸಿಮೆಂಟಿನಷ್ಟು ಗಟ್ಟಿ. ಜೂನ್ ದಾಟಿದರೆ ಅದೇ ಜಾಗದಲ್ಲಿ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ಒಂದೇ ವೆಜ್ (ಸಣ್ಣ ದೂರಕ್ಕೆ ಚೆಂಡು ಎತ್ತುವ ಕ್ಲಬ್) ಹಿಡಿದು ಎರಡೂ ಕಡೆ ಒಂದೇ ಥರ ಚಿಪ್ ಮಾಡಲು ಹೋದರೆ ಏನಾಗುತ್ತದೆ ಅಂತ ಎಲ್ಲರೂ ನೋಡಿರುತ್ತೇವೆ.

ವೆಜ್‌ನ ತಳ ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಇಳಿದಿದೆ ಅನ್ನುವುದಕ್ಕೆ ಬೌನ್ಸ್ ಅನ್ನುತ್ತಾರೆ. ಡಿಗ್ರಿಯಲ್ಲಿ ಅಳೆಯುತ್ತಾರೆ, ಎಷ್ಟೋ ವೆಜ್‌ಗಳ ಮೇಲೆ ಬರೆದೇ ಇರುತ್ತದೆ. 10ರಿಂದ 14 ಡಿಗ್ರಿ ಇದ್ದರೆ ಅದು ಮೆತ್ತನೆ ನೆಲ ಮತ್ತು ಉಸುಕಿಗೆ. ಒಣಗಿದ ನೆಲದ ಮೇಲೆ ಅದೇ ತಳ ಪುಟಿದು, ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ಚೆಂಡು ಗ್ರೀನ್ ದಾಟಿ ಆಚೆ. ಬೇಸಿಗೆಯಲ್ಲಿ ಆರು ಡಿಗ್ರಿ ಆಸುಪಾಸಿನ ವೆಜ್ ಇದ್ದರೆ ಅದನ್ನು ಹಿಡಿಯಿರಿ. ಇಲ್ಲದಿದ್ದರೆ ವೆಜ್ ಅನ್ನೇ ಬ್ಯಾಗಿನಲ್ಲಿ ಬಿಡಿ.

ಒಬ್ಬ ಹಳೆ ಕ್ಯಾಡಿ (ಬ್ಯಾಗ್ ಹೊರುವವ) ಯಾವಾಗಲೂ ಹೇಳುತ್ತಾನೆ: "ಸಾಹೇಬ್ರ, ಚೆಂಡು ಮ್ಯಾಲ ಯಾಕ ಹಾರಸ್ತೀರಿ, ಉರುಳಿಸ್ರಿ." ಅವನ ಮಾತಿನ ಮೇಲೆ ಹೇಳುವುದೇನೂ ಇಲ್ಲ, ಲೆಕ್ಕ ಮಾತ್ರ ಸೇರಿಸುತ್ತೇನೆ. ಸಮ ಇರುವ, ಸಾಧಾರಣ ವೇಗದ ಗ್ರೀನ್ ಮೇಲೆ 12ರಿಂದ ಐರನ್ (ನಂಬರ್ ಹಾಕಿದ, ಲೋಹದ ತಲೆಯ ಕ್ಲಬ್) ನಂಬರ್ ಕಳೆಯಿರಿ. 8 ಐರನ್‌ಗೆ ನಾಲ್ಕು ಉಳಿಯುತ್ತದೆ. ಅಂದರೆ ಒಂದು ಪಾಲು ಗಾಳಿಯಲ್ಲಿ, ನಾಲ್ಕು ಪಾಲು ನೆಲದಲ್ಲಿ. 9ಕ್ಕೆ ಮೂರು ಪಾಲು. ಪಿಚಿಂಗ್ ವೆಜ್ ಅನ್ನು 10 ಅಂತ ಹಿಡಿದರೆ ಎರಡು. ಇಳಿಜಾರು ಇದ್ದರೆ ಕೂಡಿಸಿ ಕಳೆಯಿರಿ. ಚೆಂಡು ಮೊದಲು ಬೀಳಬೇಕಾದ ಜಾಗಕ್ಕೆ ಕರವಸ್ತ್ರ ಹಾಸಿ, ಕಣ್ಣು ಹೋಲ್ ಮೇಲೆ ಬೇಡ, ಕರವಸ್ತ್ರದ ಮೇಲೆ ಇರಲಿ.

ಹೊಡೆಯುವ ರೀತಿ ಸರಳ. ಕಾಲು ಹತ್ತಿರ, ಭಾರ ಎಡಗಾಲ ಮೇಲೆ, ಕೈ ಚೆಂಡಿಗಿಂತ ಸ್ವಲ್ಪ ಮುಂದೆ. ಭಾರ ಮತ್ತೆ ಬಲಗಾಲಿಗೆ ಬರಬಾರದು. ಚೆಂಡನ್ನು ಎತ್ತಿಕೊಡಲು ಮಣಿಕಟ್ಟು ಚಿಮ್ಮಿಸುವುದೇ ನಮ್ಮ ದೊಡ್ಡ ರೋಗ. ಎತ್ತುವ ಕೆಲಸ ಕ್ಲಬ್‌ನ ಫೇಸ್‌ನ ಇಳಿಜಾರಿನದು, ನಮ್ಮದಲ್ಲ. ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ಟವೆಲ್ ಮಡಿಸಿ ಇಡಿ. ಟವೆಲ್‌ಗೆ ತಾಗದೆ ಚೆಂಡಿಗೆ ತಾಗಬೇಕು. ಕೈ ಚಿಮ್ಮಿಸಿದ ಕೂಡಲೇ ಟವೆಲ್ ಎದ್ದು ಬರುತ್ತದೆ.

ಅಭ್ಯಾಸಕ್ಕೆ ಖಾಲಿ ಸೈಟ್ ಸಿಕ್ಕರೆ ಸಾಕು. ಭತ್ತ ಕೊಯ್ದ ಗದ್ದೆ ನೋಡಲು ಚೆನ್ನಾಗಿರುತ್ತದೆ, ಆದರೆ ಕೂಳೆಯಲ್ಲಿ ಚೆಂಡು ಕೂತರೆ ಕಲಿಯುವುದು ಏನೂ ಇಲ್ಲ. ಅಕ್ಕಪಕ್ಕ ಮನೆ, ದನಕರು, ಓಡಾಡುವ ಜನ ಇದ್ದರೆ ಪ್ಲಾಸ್ಟಿಕ್ ಅಥವಾ ಫೋಮ್ ಚೆಂಡು ಬಳಸಿ. ನಿಜವಾದ ಚೆಂಡಿನ ತೂಕ ಸುಮಾರು 46 ಗ್ರಾಂ, ತಪ್ಪಿ ಹೊಡೆದರೆ ಯಾರದೋ ತಲೆ ಒಡೆಯುತ್ತದೆ.

ಫೌಂಡ್ರಿ ಊರಿನಲ್ಲಿ ಬಂಕರ್

ಅಭ್ಯಾಸಕ್ಕೆ ಮನೆ ಹಿತ್ತಿಲಲ್ಲೇ ಒಂದು ಬಂಕರ್ ಮಾಡಿಕೊಳ್ಳಿ, ಉದ್ಯಮಬಾಗ್‌ನಲ್ಲಿ ಉಸುಕಿಗೆ ಬರವಿಲ್ಲ. ಆದರೆ ಮೋಲ್ಡಿಂಗ್‌ನ ಕಪ್ಪು ಉಸುಕು ತರಬೇಡಿ. ಅದರಲ್ಲಿ ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ ಸೇರಿರುತ್ತದೆ. ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗುತ್ತದೆ. ಅಚ್ಚು ನಿಲ್ಲಲೆಂದೇ ಹಾಗೆ ಮಾಡಿರುತ್ತಾರೆ. ಕ್ಲಬ್ ಅದರೊಳಗೆ ಜಾರುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಏನೂ ಬೆರೆಸದ ಹೊಸ ಸಿಲಿಕಾ ಉಸುಕು ಜಾರುತ್ತದೆ, ಆದರೆ ಅದರ ಸಣ್ಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎಲ್ಲಕ್ಕಿಂತ ಒಳ್ಳೆಯದು ಮನೆ ಕಟ್ಟುವವರ ಹತ್ತಿರ ಸಿಗುವ ತೊಳೆದ, ಜರಡಿ ಹಿಡಿದ ಉಸುಕು. ಆರಡಿಗೆ ನಾಲ್ಕಡಿ ಜಾಗ, ಅರ್ಧ ಅಡಿ ಆಳ. ಹನ್ನೆರಡು ಘನ ಅಡಿ ಸಾಕು. ಸುತ್ತ ಹಳೆ ಹಲಗೆ ಹೊಡೆಯಿರಿ, ಸ್ವಲ್ಪ ನೀರು ಚಿಮುಕಿಸಿ.

ಮೊದಲು ಚೆಂಡೇ ಬೇಡ. ಉಸುಕಿನಲ್ಲಿ ಒಂದು ಗೆರೆ ಎಳೆಯಿರಿ, ಗೆರೆಯ ಎರಡೂ ಕಡೆ ಕಾಲಿಟ್ಟು ನಿಂತು ಗೆರೆಗೇ ಸ್ವಿಂಗ್ ಮಾಡಿ. ಕ್ಲಬ್ ಪ್ರತಿ ಸಲ ಗೆರೆಯಲ್ಲೇ ಉಸುಕಿಗೆ ಇಳಿಯುವ ತನಕ ಇದೇ. ಆಮೇಲೆ ಗೆರೆಯಿಂದ ಎರಡು ಇಂಚು ಮುಂದೆ ಚೆಂಡು ಇಡಿ, ಮತ್ತೆ ಗೆರೆಗೇ ಹೊಡೆಯಿರಿ. ಚೆಂಡನ್ನು ಹೊರಗೆ ತರುವುದು ಉಸುಕು, ಕ್ಲಬ್ ಅಲ್ಲ. ಫೇಸ್ ಮೊದಲು ತೆರೆದು ಆಮೇಲೆ ಗ್ರಿಪ್ ಹಿಡಿಯಿರಿ. ಹಿಡಿದ ಮೇಲೆ ಕೈ ತಿರುಗಿಸಿ ತೆರೆದರೆ ಹೊಡೆಯುವಾಗ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಸ್ವಿಂಗ್ ಪೂರ್ತಿ ಮಾಡಿ. ಹೆದರಿ ಅರ್ಧಕ್ಕೆ ನಿಲ್ಲಿಸುವುದರಿಂದಲೇ ಚೆಂಡು ಒಳಗೇ ಉಳಿಯುವುದು. ಒಂದು ನೆನಪಿರಲಿ, ಕೋರ್ಸ್‌ನ ಬಂಕರ್‌ನಲ್ಲಿ ಪ್ರಾಕ್ಟೀಸ್ ಸ್ವಿಂಗ್ ಉಸುಕಿಗೆ ತಾಗಿದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಸ್ಟ್ರೋಕ್ ಎಣಿಸುವ ಆಟದಲ್ಲಿ) ಎರಡು ಸ್ಟ್ರೋಕ್ ದಂಡ.

ನಮ್ಮ ಕಸುಬಿನವರಿಗೆ ಇಷ್ಟವಾಗುವ ಸಂಗತಿ ಒಂದಿದೆ. ಇವತ್ತಿನ ಸ್ಯಾಂಡ್ ವೆಜ್‌ಗೆ ದಾರಿ ಮಾಡಿದ ಅಮೆರಿಕದ ಆಟಗಾರ ಜೀನ್ ಸಾರಾಜೆನ್, ಹಳೆ ಕ್ಲಬ್ಬಿನ ತಳಕ್ಕೆ ಸೀಸ ಬೆಸುಗೆ ಹಾಕಿ ಅದನ್ನು ತಯಾರಿಸಿದ. ಅದನ್ನೇ ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದ.

ಟೀ ಮೇಲೆ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಓಬಿ ಹೋದರೆ ಒಂದು ಸ್ಟ್ರೋಕ್ ದಂಡ, ಮೇಲೆ ಮತ್ತೆ ಅಲ್ಲಿಂದಲೇ ಆಡಬೇಕು, ಅಂದರೆ ಮುಂದಿನದು ಮೂರನೇ ಶಾಟ್. ನಿಮ್ಮ ಪುಸ್ತಕದಲ್ಲಿ ಪೆನಾಲ್ಟಿ ಕಾಲಂ ಭಾರ ಇದ್ದರೆ, ಕಿರಿದಾದ ಹೋಲ್‌ಗಳಲ್ಲಿ ಡ್ರೈವರ್ ಬದಲು ಹೈಬ್ರಿಡ್ ಅಥವಾ 7 ಐರನ್ ಹಿಡಿಯಿರಿ. ನಾಚಿಕೆ ಬೇಡ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ಪಟರ್ ಬಲದ ಮೇಲೆ.

ಚೆಂಡು ಫೇಸ್‌ನ ಎಲ್ಲಿಗೆ ತಾಗುತ್ತಿದೆ ಅಂತ ತಿಳಿಯಲು ಫೇಸ್ ಮೇಲೆ ಸೀಮೆಸುಣ್ಣದ ಪುಡಿ ಸವರಿ, ನೆಟ್‌ಗೆ ಹೊಡೆಯಿರಿ. ಕ್ರಿಕೆಟ್ ನೆಟ್ ಆದೀತು, ಎರಡು ಪದರ ಕಟ್ಟಿ. ಗುರುತು ಕಂಡ ಮೇಲೆ ವಾದಕ್ಕೆ ಜಾಗ ಇರುವುದಿಲ್ಲ.

ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿ ಸ್ವಲ್ಪ ತೆಳು, ಚೆಂಡು ಸ್ವಲ್ಪ ಮುಂದೆ. ಘಟ್ಟ ಇಳಿದು ಗೋವಾ ಕಡೆ ಆಡಿದಾಗ 150 ಯಾರ್ಡ್ ಶಾಟ್ ಮೂರ್ನಾಲ್ಕು ಯಾರ್ಡ್ ಕಡಿಮೆ ಬಿದ್ದರೆ ಸ್ವಿಂಗ್ ಬದಲಿಸಲು ಹೋಗಬೇಡಿ.

ವಾರದ ಲೆಕ್ಕ

ಒಂದು ಸಲಕ್ಕೆ ಒಂದೇ ಕಾಲಂ ಹಿಡಿಯಿರಿ, ಆರು ವಾರ ಬಿಡಬೇಡಿ. ಮನೆಯಲ್ಲಿ ದಿನಾ ಹದಿನೈದು ನಿಮಿಷ ಸಾಕು. ಕೈ ಕುದುರಿದ ಮೇಲೆ ಒಂದೇ ಜಾಗದಿಂದ ಐವತ್ತು ಚಿಪ್ ಮಾಡಬೇಡಿ. ಪ್ರತಿ ಚೆಂಡಿಗೂ ಜಾಗ, ಗುರಿ, ಕ್ಲಬ್ ಬದಲಿಸಿ, ಯಾಕೆಂದರೆ ಕೋರ್ಸ್‌ನಲ್ಲಿ ಎರಡನೇ ಚಾನ್ಸ್ ಯಾರೂ ಕೊಡುವುದಿಲ್ಲ. ಗೆಳೆಯನ ಜೊತೆ ಪಂದ್ಯ ಕಟ್ಟಿ. ಸೋತವನು ಕುಂದಾ ಕೊಡಿಸಬೇಕು ಅಂದರೆ ಮೂರಡಿ ಪಟ್ ಕೂಡ ಗಂಭೀರವಾಗುತ್ತದೆ.

ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ತೋರಿಸುವ ಸಂಖ್ಯೆ) ತಕ್ಷಣ ಇಳಿಯುವುದಿಲ್ಲ. 2020ರಿಂದ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ರೌಂಡ್‌ಗಳ ಪೈಕಿ ಒಳ್ಳೆಯ ಎಂಟರ ಸರಾಸರಿ ಹಿಡಿಯುತ್ತಾರೆ. ನಿಮ್ಮ ಕೆಟ್ಟ ರೌಂಡ್ 108ರಿಂದ 99ಕ್ಕೆ ಬಂದರೂ ಆ ಸಂಖ್ಯೆ ಅಲುಗಾಡದೆ ಇರಬಹುದು. ನಿಮ್ಮ ಕಾಲಂ ನೋಡಿ, ಅದು ಸುಳ್ಳು ಹೇಳುವುದಿಲ್ಲ.

ಆರು ವಾರ ಆದರೂ ಅದೇ ಕಾಲಂ ಅಷ್ಟೇ ಭಾರ ಇದ್ದರೆ ಕೋಚ್ ಹತ್ತಿರ ಹೋಗಿ. "ನನ್ನ ಆಟ ನೋಡ್ರಿ ಸರ್" ಅನ್ನಬೇಡಿ, ಪುಸ್ತಕ ಮುಂದಿಡಿ. ಎರಡು ವಿಡಿಯೋ ಕೂಡ ಒಯ್ಯಿರಿ. ಒಂದು ಎದೆಯ ಎದುರಿನಿಂದ, ಇನ್ನೊಂದು ಗುರಿಯ ಗೆರೆಗೆ ಹಿಂದಿನಿಂದ. ಮೊಬೈಲ್ ಕೈಯ ಎತ್ತರದಲ್ಲಿ ಸ್ಟ್ಯಾಂಡ್ ಮೇಲಿರಲಿ. ಗೆಳೆಯನ ಕೈಗೆ ಕೊಟ್ಟರೆ ಅವನು ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿಸುತ್ತಾನೆ, ನಿಮ್ಮ ಸ್ವಿಂಗ್ ಬದಲು ಆಕಾಶ ಬರುತ್ತದೆ.