ನೆಗ್ಗಿಲು ಮುಳ್ಳು: ನಾನು ಕೀಳುವ, ಕುಟ್ಟುವ, ಕುದಿಸುವ ಕ್ರಮ

ಬಯಲುಸೀಮೆಯ ಹೊಲದ ಬದು, ಪಾಳುಬಿದ್ದ ಕೆಂಪು ನೆಲ, ಮರಳು ಮಣ್ಣು, ಇಂಥ ಕಡೆ ಮುಂಗಾರು ಬಿದ್ದ ಮೇಲೆ ನೆಗ್ಗಿಲು ನೆಲಕ್ಕಂಟಿ ಹಬ್ಬುತ್ತದೆ. ಮೂತ್ರದ ತೊಂದರೆಗೆ ಇದರ ಮುಳ್ಳುಕಾಯಿಯ ಕಷಾಯ ಕುಡಿಯುವ ರೂಢಿಯಿದೆ. ಐದು ಎಸಳಿನ ಪುಟ್ಟ ಹಳದಿ ಹೂ, ಹುಣಸೆ ಎಲೆಯನ್ನು ಹೋಲುವ ಎಲೆ. ಒಂದೇ ಗೆಣ್ಣಿನಲ್ಲಿ ಎದುರುಬದುರು ಬರುವ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಗುರುತಿಗೆ ನಾನು ಮೊದಲು ನೋಡುವುದು ಇದನ್ನೇ. ಕಾಯಿ ಒಣಗಿದರೆ ಐದು ಹೋಳಾಗುತ್ತದೆ, ಸಾಮಾನ್ಯವಾಗಿ ಹೋಳಿಗೆ ಎರಡು ಉದ್ದ, ಎರಡು ಗಿಡ್ಡ ಮುಳ್ಳು.

ಗ್ರಂಧಿಗೆ ಅಂಗಡಿಯಲ್ಲಿ ಗೋಕ್ಷುರ (ನೆಗ್ಗಿಲಿನ ಸಂಸ್ಕೃತ ಹೆಸರು) ಕೇಳಿದರೆ ಆನೆನೆಗ್ಗಿಲನ್ನೂ ಕೊಡುವುದುಂಟು. ಅದರ ಹೂವೂ ಹಳದಿಯೇ, ಆದರೆ ಕೊಳವೆಯಾಕಾರ. ಗಿಡ ಎಳ್ಳಿನ ಕುಟುಂಬದ್ದು. ಕಾಯಿ ದೊಡ್ಡದು, ನಾಲ್ಕು ಮೂಲೆ, ಮೂಲೆಗೊಂದು ಮುಳ್ಳು. ಹಸಿ ರೆಂಬೆಯನ್ನು ನೀರಿನಲ್ಲಿ ಆಡಿಸಿದರೆ ನೀರು ತಕ್ಷಣ ಲೋಳೆಯಾಗುತ್ತದೆ, ಹೊತ್ತು ಹೋದಂತೆ ಮತ್ತೆ ತೆಳ್ಳಗಾಗುತ್ತದೆ. ಉರಿಮೂತ್ರಕ್ಕೆ ಹಳ್ಳಿಗಳಲ್ಲಿ ಆ ಲೋಳೆಯನ್ನೂ ಕುಡಿಯುತ್ತಾರೆ. ಅದು ಕೆಟ್ಟ ಮದ್ದಲ್ಲ, ಆದರೆ ಬೇರೆ ಮದ್ದು. ಪುಡಿಯಾದ ಮೇಲೆ ಇವೆರಡನ್ನು ಬೇರ್ಪಡಿಸಿ ನೋಡಲು ಬರುವುದಿಲ್ಲ. ಹಾಗಾಗಿ ನಾನು ಇಡೀ ಕಾಯನ್ನೇ ಕೊಳ್ಳುತ್ತೇನೆ.

ಕೀಳಲು ಸರಿಯಾದ ಹೊತ್ತೆಂದರೆ ಕಾಯಿ ಹಸಿರು ಬಿಟ್ಟು ಹಳದಿಗೆ ತಿರುಗಿ, ಇನ್ನೂ ಒಡೆಯದಿರುವಾಗ. ತಡಮಾಡಿದರೆ ಹೋಳುಗಳು ಮಣ್ಣಿಗುದುರಿ ಕಲ್ಲು, ಮರಳು ಸೇರುತ್ತದೆ. ಕಳೆನಾಶಕ ಹೊಡೆದ ಬದು, ರಸ್ತೆಯಂಚು ಬೇಡ. ಗಿಡವನ್ನು ಬುಡಸಮೇತ ಕಿತ್ತು, ಟಾರ್ಪಾಲಿನ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿ, ಕೋಲಿನಿಂದ ಬಡಿದು, ಮೊರದಲ್ಲಿ ತೂರುತ್ತೇನೆ. ಹತ್ತು ಬೇರುಗಳ ಆಯುರ್ವೇದ ಮದ್ದಾದ ದಶಮೂಲಕ್ಕೆ ಸೇರುವುದು ಇದರ ಬೇರು, ಅದನ್ನು ತೊಳೆದು ಬೇರೆ ಒಣಗಿಸಬೇಕು. ಉಳಿದ ಕಡ್ಡಿಯನ್ನು ಕುರಿಗಳಿಗೆ ಹಾಕಬೇಡಿ. ನೆಗ್ಗಿಲನ್ನು ಹೆಚ್ಚು ಮೇದ ಕುರಿಗಳ ಯಕೃತ್ತು ಕೆಟ್ಟು, ಬಿಸಿಲಿಗೆ ಹೋದಾಗ ಮುಖ, ಕಿವಿ ಊದಿಕೊಳ್ಳುತ್ತವೆ.

ಒಣಕಾಯನ್ನು ಒರಳಿನಲ್ಲಿ ಮೆಲ್ಲಗೆ ಕುಟ್ಟಿದರೆ ಮುಳ್ಳಿನ ತುದಿ ಮುರಿಯುತ್ತದೆ. ಅಷ್ಟಾದ ಮೇಲೆ ಒಮ್ಮೆ ಕೇರಿ, ಮತ್ತೆ ತರಿತರಿಯಾಗುವಂತೆ ಕುಟ್ಟಬೇಕು. ನೇರವಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡು ಮೊಂಡಾಗುತ್ತದೆ. ಬೀಜದಲ್ಲಿ ಎಣ್ಣೆಯಂಶ ಇರುವುದರಿಂದ ಪುಡಿ ಬಹುಕಾಲ ಇಟ್ಟರೆ ಕಮಟುತ್ತದೆ. ಬೇಕಾದಾಗ ಬೇಕಾದಷ್ಟೇ ಕುಟ್ಟಿಕೊಳ್ಳುವುದು ಒಳ್ಳೆಯದು.

ಕಷಾಯಕ್ಕೆ 20 ಗ್ರಾಂ ತರಿಗೆ 320 ಮಿ.ಲೀ. ನೀರು. ಸಣ್ಣ ಉರಿಯಲ್ಲಿ, ಮುಚ್ಚಳವಿಲ್ಲದೆ, 80 ಮಿ.ಲೀ.ಗೆ ಇಳಿಸಬೇಕು. ಕಾಯಲ್ಲಿ ಸೋಪಿನಂತೆ ನೊರೆ ಬರಿಸುವ ಸಪೋನಿನ್ ಇರುವುದರಿಂದ ಕುದಿ ಬಂದೊಡನೆ ನೊರೆ ಎದ್ದು ಉಕ್ಕುತ್ತದೆ, ಪಾತ್ರೆ ಅಗಲವಾಗಿರಲಿ. ಸ್ಟೀಲಿನ ಜರಡಿ ಸಾಲದು. ಮುಳ್ಳಿನ ಚೂರು ಗಂಟಲು ಗೀರುತ್ತದೆ, ಹಾಗಾಗಿ ಹತ್ತಿಬಟ್ಟೆಯಲ್ಲಿ ಎರಡು ಸಲ ಸೋಸುತ್ತೇನೆ. ಬೆಳಿಗ್ಗೆ, ಸಂಜೆ ಅರ್ಧರ್ಧ. ಮರುದಿನಕ್ಕೆ ಇಡಬಾರದು.

ಕೃಶರಿಗೆ, ಒಣಕಲು ಮೈಯವರಿಗೆ ಹಾಲುಕಷಾಯ ಒಗ್ಗುತ್ತದೆ. ಅಳತೆ 1:8:32, ಅಂದರೆ ತರಿ 10 ಗ್ರಾಂ, ಹಾಲು 80 ಮಿ.ಲೀ., ನೀರು 320 ಮಿ.ಲೀ. ಹಾಲಿನಷ್ಟೇ ಉಳಿಯುವವರೆಗೆ ಕಾಯಿಸಬೇಕು. ತರಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಟ್ಟರೆ ತಳ ಹಿಡಿಯುವುದಿಲ್ಲ. ಉರಿ ಜೋರಾದರೆ ನೀರು ಬೇಗ ಆರಿ ಕಾಯಿಯ ಸಾರ ಇಳಿಯದೆ ಉಳಿಯುತ್ತದೆ.

ಗರ್ಭಿಣಿಯರು, ಮಕ್ಕಳು ಇದನ್ನು ಸ್ವಂತವಾಗಿ ಸೇವಿಸಬಾರದು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಮಾತ್ರೆಯ ಪರಿಣಾಮ ಹೆಚ್ಚಾಗಬಹುದು. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೆ ಆಸ್ಪತ್ರೆಗೇ ಹೋಗಬೇಕು. ಮೂತ್ರಪಿಂಡದ ಕಲ್ಲಿನ ನೋವಿಗೂ ಮೊದಲು ಸ್ಕ್ಯಾನ್ ಮಾಡಿಸಿ. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡು ದಾರಿ ಕಟ್ಟಿದ್ದರೆ, ಮೂತ್ರ ಹೆಚ್ಚಿಸುವ ಕಷಾಯದಿಂದ ಮೂತ್ರಪಿಂಡದ ಮೇಲೆ ಒತ್ತಡ ಏರಿ ನೋವು ಇನ್ನಷ್ಟು ಕೆರಳುತ್ತದೆ.