ಡ್ರೈನ್ ಬೋಲ್ಟ್ ಥ್ರೆಡ್ ಹೋಯಿತು, ನಾನೇ ಹೆಲಿಕಾಯಿಲ್ ಹಾಕಿದೆ

ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ಹಲ್ಲು) ಹಾಳು ಮಾಡಿದ್ದು ಯಾವ ಗ್ಯಾರೇಜಿನವರೂ ಅಲ್ಲ, ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹನ್ನೊಂದು ವರ್ಷದ ಹಳೇ ಬೈಕು. ಆಯಿಲ್ ಬದಲಾಯಿಸುವುದು ಮನೆಯಲ್ಲೇ. ಹಳೇ ಆಯಿಲ್ ಬಿಡಲು ಇಂಜಿನ್ ತಳದಲ್ಲಿರುವ ಡ್ರೈನ್ ಬೋಲ್ಟಿನ ತಲೆ ಕೆಳಗೆ ಒಂದು ಅಲ್ಯೂಮಿನಿಯಂ ವಾಷರ್ ಇರುತ್ತದಲ್ಲ, ಅದನ್ನು ಪ್ರತಿ ಸಲ ಹೊಸದು ಹಾಕಬೇಕು. ಗೊತ್ತಿದ್ದೂ ಐದಾರು ಸಲ ಹಳೇದನ್ನೇ ತಿರುಗಿಸಿ ಹಾಕಿ ಕೆಲಸ ಸಾಗಿಸಿದ್ದೆ. ಅದು ಚಪ್ಪಟೆಯಾಗಿ ಹಾಳೆಯ ಥರ ಆಗಿತ್ತು. ದಿನಕ್ಕೊಂದು ಹನಿ ಆಯಿಲ್ ಕಾಣಿಸತೊಡಗಿತು. ಸ್ವಲ್ಪ ಬಿಗಿ ಮಾಡಿದೆ. ಮತ್ತೆ ಹನಿ. ಇನ್ನೂ ಸ್ವಲ್ಪ. ಕೊನೆಗೆ 17 ನಂಬರ್ ಸ್ಪ್ಯಾನರಿಗೆ ಒಂದು ಪೈಪ್ ಸಿಕ್ಕಿಸಿ ಎಳೆದೆ. ಬಿಗಿಯಾಗುತ್ತಾ ಬಂದದ್ದು ಒಮ್ಮೆಲೇ ಬೆಣ್ಣೆಯಾಯಿತು. ಬಿಚ್ಚಿ ನೋಡಿದರೆ ಬೋಲ್ಟಿನ ಹಲ್ಲುಗಳ ನಡುವೆ ಅಲ್ಯೂಮಿನಿಯಂ ಎಳೆ ಚಕ್ಕುಲಿ ಥರ ಸುತ್ತಿಕೊಂಡು ಬಂತು. ಬೋಲ್ಟ್ ಸ್ಟೀಲು, ಅದಕ್ಕೇನೂ ಆಗಿರಲಿಲ್ಲ. ಇಂಜಿನ್ ಕಡೆಯ ಥ್ರೆಡ್ ಪೂರ್ತಿ ಹೋಗಿತ್ತು.

ಸಲಹೆಗಳು ಬಂದವು. ಒಬ್ಬರು ಟೆಫ್ಲಾನ್ ಟೇಪ್ ಸುತ್ತು ಅಂದರು. ಇನ್ನೊಬ್ಬರು ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ದಪ್ಪ ಬೋಲ್ಟ್ ಸಿಗುತ್ತೆ, ಹಾಕು ಅಂದರು. ಅದು ಸೊಟ್ಟ ಹೋದರೆ ವಾಷರ್ ಸರಿಯಾಗಿ ಕೂರುವುದಿಲ್ಲ, ಮತ್ತೆ ಸೋರುತ್ತೆ. ದಾವಣಗೆರೆ ಪಿ.ಬಿ. ರೋಡಿನ ಕಡೆ ಒಬ್ಬರು ಲೇತಿನವರನ್ನು ಕೇಳಿದೆ. "ಸಾರ್, ಇಂಜಿನ್ ಇಳಿಸಿ ತನ್ನಿ, ಬುಷ್ ಹೊಡೆದು ಕೊಡ್ತೀನಿ" ಅಂದರು, ಅಂದರೆ ತೂತಿಗೆ ಹೊಸ ಲೋಹದ ಕೊಳವೆ ಕೂರಿಸುವುದು. ಕೆಲಸ ಗಟ್ಟಿ, ಆದರೆ ಒಂದು ಬೋಲ್ಟಿಗೋಸ್ಕರ ಇಂಜಿನ್ ಇಳಿಸುವುದಾ? ಸುಮ್ನೆ ಬಂದೆ. ಬರುವಾಗ ಅವರೇ "ಇಲ್ಲಾಂದ್ರೆ ಹೆಲಿಕಾಯಿಲ್ ಹಾಕಿ" ಅಂದರು.

ಹೆಲಿಕಾಯಿಲ್ ಅಂದರೆ ಒಂದು ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ, ಅಷ್ಟೇ. ಅದು ಕಂಪನಿ ಹೆಸರು, ಈಗ ಎಲ್ಲದಕ್ಕೂ ಅದನ್ನೇ ಹೇಳುತ್ತಾರೆ. ತಂತಿ ದುಂಡಗಿಲ್ಲ, ಅಡ್ಡ ಕತ್ತರಿಸಿ ನೋಡಿದರೆ ಡೈಮಂಡ್ ಆಕಾರ. ಹಾಗಾಗಿ ಸುರುಳಿಯ ಹೊರಗೂ ಥ್ರೆಡ್, ಒಳಗೂ ಥ್ರೆಡ್. ಹಾಳಾದ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದಕ್ಕೆಂದೇ ಬರುವ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ) ಹೊಡೆದು, ಸುರುಳಿ ತಿರುಗಿಸಿ ಕೂರಿಸಿದರೆ ಹಳೇ ಬೋಲ್ಟೇ ಮತ್ತೆ ಹಿಡಿಯುತ್ತದೆ. ಇದು ತೇಪೆ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಆದರೆ ವಿಮಾನದ ಪಿಸ್ಟನ್ ಇಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಕೂರುವ ಜಾಗಕ್ಕೆ ಫ್ಯಾಕ್ಟರಿಯಲ್ಲೇ ಇಂಥ ಸುರುಳಿ ಹಾಕಿ ಕಳಿಸುತ್ತಾರೆ. ಅಲ್ಯೂಮಿನಿಯಂ ಕಡೆ ಥ್ರೆಡ್ ಮೊದಲಿಗಿಂತ ದಪ್ಪ ಆಗುತ್ತದೆ, ಬೋಲ್ಟ್ ಉಜ್ಜುವುದು ಸ್ಟೀಲಿಗೆ. ಹಾಗಾಗಿ ಮೊದಲಿದ್ದದ್ದಕ್ಕಿಂತ ಗಟ್ಟಿ.

ಕಿಟ್ ಆನ್‌ಲೈನಲ್ಲಿ ತರಿಸಿದೆ. ಇಲ್ಲೇ ಮೊದಲ ಎಡವಟ್ಟು. 12 ಎಂಎಂ ಅಂತ ನೋಡಿ ಆರ್ಡರ್ ಮಾಡಿದೆ, ಬಂದದ್ದು 1.75 ಪಿಚ್, ಅಂದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ 1.75 ಎಂಎಂ ಅಂತರ. ನನ್ನ ಬೋಲ್ಟ್ 1.5 ಪಿಚ್. ಸುರುಳಿಯನ್ನು ಬೋಲ್ಟಿಗೆ ಹಾಕಿ ತಿರುಗಿಸಿದಾಗ ಎರಡು ಸುತ್ತಿಗೇ ಸಿಕ್ಕಿಕೊಂಡಿತು, ಪುಣ್ಯಕ್ಕೆ ಇಂಜಿನ್ನಿಗೆ ಕೈ ಹಾಕುವ ಮೊದಲು. ವಾಪಸ್ ಕಳಿಸಿ ಸರಿಯಾದದ್ದು ತರಿಸಲು ಇನ್ನೊಂದು ವಾರ. ದಪ್ಪ ಎಷ್ಟು, ಪಿಚ್ ಎಷ್ಟು, ಸುರುಳಿಯ ಉದ್ದ ಎಷ್ಟು, ಮೂರನ್ನೂ ನೋಡಿಯೇ ತರಿಸಿ. ನನಗೆ ತೂತಿನ ಆಳ 15 ಎಂಎಂ ಇತ್ತು, 12 ಎಂಎಂ ಉದ್ದದ ಸುರುಳಿ ಸಾಕಾಯಿತು.

ಕಿಟ್ ಜೊತೆ ಬಂದ ಡ್ರಿಲ್ ಬಿಟ್ 12.4 ಎಂಎಂ. ನನ್ನ ಡ್ರಿಲ್ ಮಷಿನ್ ಹಿಡಿಯುವುದು 10 ಎಂಎಂ ತನಕ. ಪರಿಚಯದ ಬಡಗಿಯೊಬ್ಬರ ಹತ್ತಿರ 13 ಎಂಎಂ ಮಷಿನ್ ಇಸ್ಕೊಂಡು ಬಂದೆ.

ಬೈಕ್ ನಿಂತಿದ್ದರೆ ಕೆಳಗೆ ಮಷಿನ್ ತೂರಿಸಲು ಜಾಗವೇ ಇಲ್ಲ. ಪೆಟ್ರೋಲ್ ಪೂರ್ತಿ ತೆಗೆದೆ, ಬ್ಯಾಟರಿ ಬಿಚ್ಚಿದೆ, ಹಳೇ ಹಾಸಿಗೆ ಹಾಸಿ ಬೈಕನ್ನು ಪಕ್ಕಕ್ಕೆ ಮಲಗಿಸಿದೆ. ಮನೆಯವಳು ಬಾಗಿಲಲ್ಲಿ ನಿಂತು "ಏನ್ರೀ, ಅದಕ್ಕೂ ಜ್ವರಾನಾ?" ಅಂದಳು.

ಮೊದಲು ಒಂದು ತಂತಿ ತೂರಿಸಿ ಒಳಗೆ ಎಷ್ಟು ಜಾಗ ಇದೆ ಅಂತ ಅಳೆದೆ, ಯಾಕೆಂದರೆ ಟ್ಯಾಪಿನ ಮೂತಿ ಚೂಪಾಗಿ ಉದ್ದ ಇರುತ್ತದೆ, ತೂತು ದಾಟಿ ಒಳಗೆ ಹೋಗಲೇಬೇಕು, ಅಲ್ಲಿ ಏನಾದರೂ ಅಡ್ಡ ಇದ್ದರೆ ಕಥೆ ಮುಗೀತು. ಸಾಕಷ್ಟು ಜಾಗ ಇತ್ತು. ಡ್ರಿಲ್ ಬಿಟ್ಟಿಗೆ ಆಳದ ಗುರುತಿಗೆ ಟೇಪ್ ಸುತ್ತಿದೆ. ಬಿಟ್ಟಿಗೂ ಟ್ಯಾಪಿಗೂ ಗ್ರೀಸ್ ಮೆತ್ತಿದೆ, ಚೂರುಗಳು ಅದಕ್ಕೇ ಅಂಟಲಿ ಅಂತ. ಡ್ರಿಲ್ ನಿಧಾನಕ್ಕೆ ತಿರುಗಿಸಿ. ಹಳೇ ತೂತೇ ದಾರಿ ತೋರಿಸುತ್ತದೆ, ಆದರೆ ಕೊನೆಯಲ್ಲಿ ಅಲ್ಯೂಮಿನಿಯಂ ಬಿಟ್ಟನ್ನು ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ನಾನು ಮುಂದಕ್ಕೆ ಒತ್ತುವ ಬದಲು ಹಿಂದಕ್ಕೆ ಹಿಡಿದುಕೊಂಡಿದ್ದೆ ಅನ್ನಬಹುದು.

ಆಮೇಲೆ ಟ್ಯಾಪ್. ಇಡೀ ಕೆಲಸದಲ್ಲಿ ನಿಜವಾಗಿ ಕಷ್ಟದ್ದು ಇದೊಂದೇ, ಅದೂ ಮೊದಲ ಎರಡು ಸುತ್ತು. ಅಲ್ಲಿ ಸೊಟ್ಟ ಆದರೆ ಮುಂದೆ ಸರಿ ಮಾಡಲಾಗದು. ಮಗಳ ಜಿಯಾಮೆಟ್ರಿ ಬಾಕ್ಸಿನ ಸೆಟ್ ಸ್ಕ್ವೇರ್ ತಂದು, ವಾಷರ್ ಕೂರುವ ಮುಖಕ್ಕೆ ಇಟ್ಟು, ಅರ್ಧ ಸುತ್ತಿಗೊಮ್ಮೆ ಎರಡು ಕಡೆಯಿಂದ ನೋಡಿದೆ. ಒಂದು ಕಡೆ ಕೂದಲೆಳೆಯಷ್ಟು ವಾಲಿತ್ತು, ಪೂರ್ತಿ ಹಿಂದೆ ತೆಗೆದು ಮತ್ತೆ ಶುರು ಮಾಡಿದೆ. ಹಿಡಿದುಕೊಂಡ ಮೇಲೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಚೂರು ಮುರಿಯುವುದು ಕೈಗೆ ಟಕ್ ಅಂತ ತಿಳಿಯುತ್ತದೆ. ಎರಡು ಸಲ ಹೊರಗೆ ತೆಗೆದು, ಒರೆಸಿ, ಹೊಸ ಗ್ರೀಸ್ ಹಚ್ಚಿದೆ.

ಟ್ಯಾಪ್ ಮುಗಿದ ಮೇಲೆ ಹಳೇ ಬೋಲ್ಟ್ ಇಟ್ಟು ನೋಡಿದೆ. ಒಳಗೆ ಗಡಗಡ ಅಲ್ಲಾಡಿತು, ಎಲ್ಲೂ ತಾಗಲೇ ಇಲ್ಲ. ಹಾಗೇ ಆಗಬೇಕು ಅಂತ ಗೊತ್ತಿತ್ತು, ಆದರೂ ಹೊಟ್ಟೆಯಲ್ಲಿ ಒಂಥರಾ ಆಯಿತು.

ಸುರುಳಿ ಬಿಡಿಯಾಗಿರುವಾಗ ತೂತಿಗಿಂತ ಸ್ವಲ್ಪ ದಪ್ಪ ಇರುತ್ತದೆ. ಅದರ ತಳದಲ್ಲಿ ಒಂದು ಅಡ್ಡ ಕೊಂಡಿ, ಹಾಕುವ ಸಾಧನದ ಸೀಳಿಗೆ ಅದು ಸಿಕ್ಕಿಕೊಳ್ಳುತ್ತದೆ. ತಿರುಗಿಸಿದಾಗ ಸುರುಳಿ ಬಿಗಿದುಕೊಂಡು ಸಣ್ಣಗಾಗಿ ಒಳಗೆ ಇಳಿಯುತ್ತದೆ, ಬಿಟ್ಟಾಗ ಉಬ್ಬಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಂಟು ಹಾಕಲಿಲ್ಲ. ಒತ್ತಬಾರದು, ತಿರುಗಿಸಬೇಕು ಅಷ್ಟೇ. ನಾನು ಒತ್ತಿದೆ. ಒಂದು ಸುತ್ತು ಹಾರಿ ಪಕ್ಕದ ಥ್ರೆಡ್ಡಿಗೆ ಹೋಯಿತು. ನೋಸ್ ಪ್ಲೈಯರ್‌ನಲ್ಲಿ ಮೇಲಿನ ತುದಿ ಹಿಡಿದು ಎಳೆದರೆ ಬಾಲ್ ಪೆನ್ ಸ್ಪ್ರಿಂಗ್ ಥರ ಬಿಚ್ಚಿಕೊಂಡು ಬಂತು. ಕಿಟ್‌ನಲ್ಲಿ ಐದು ಇದ್ದವು, ಹೆದರಲಿಲ್ಲ. ಎರಡನೇದು ಬೆರಳ ತುದಿಯಲ್ಲಿ ತಿರುಗಿಸಿದೆ, ಸಲೀಸಾಗಿ ಹೋಯಿತು. ಮೇಲ್ಮೈಗಿಂತ ಅರ್ಧ ಥ್ರೆಡ್ಡಿನಷ್ಟು ಒಳಗೆ ನಿಲ್ಲಿಸಿದೆ. ಹೊರಗೆ ಚಾಚಿದರೆ ವಾಷರ್ ಅದರ ಮೇಲೆ ಕೂತು ಸೋರುತ್ತದೆ.

ಕೊನೆಗೆ ಆ ಕೊಂಡಿ ಮುರಿಯಬೇಕು. ಪಂಚ್ ಇಟ್ಟು ಒಂದೇ ಏಟು ಕೊಡಿ ಅನ್ನುತ್ತಾರೆ, ಆದರೆ ಇಲ್ಲಿ ಅದು ನೇರ ಇಂಜಿನ್ ಒಳಗೆ ಬೀಳುತ್ತದೆ. ಅಯಸ್ಕಾಂತದಲ್ಲಿ ತೆಗೆಯೋಣ ಅಂದರೆ ಈ ಸ್ಟೇನ್‌ಲೆಸ್ ಸರಿಯಾಗಿ ಅಂಟುವುದಿಲ್ಲ. ಪ್ಲೈಯರ್‌ನಲ್ಲಿ ಗಟ್ಟಿಯಾಗಿ ಹಿಡಿದು ಮೇಲೆ ಕೆಳಗೆ ಬಾಗಿಸಿದೆ, ಗುರುತಿಗೆ ಕೊರೆದ ಜಾಗದಲ್ಲಿ ಮುರಿದು ಪ್ಲೈಯರ್ ಬಾಯಲ್ಲೇ ಉಳಿಯಿತು. ಅದನ್ನು ಪೇಪರ್ ಮೇಲಿಟ್ಟು ಎರಡು ಸಲ ನೋಡಿಕೊಂಡೆ.

ಬೈಕ್ ಎತ್ತಿ ನಿಲ್ಲಿಸಿ, ಅಗ್ಗದ ಆಯಿಲ್ ಅರ್ಧ ಲೀಟರ್ ಮೇಲಿಂದ ಸುರಿದು ಕೆಳಗಿಂದ ಬಿಟ್ಟೆ. ಮೊದಲ ಸಲ ಬಟ್ಟೆಯ ಮೇಲೆ ನಾಲ್ಕೈದು ಹೊಳೆಯುವ ಚೂರು ಬಂದವು, ಮೂರನೇ ಸಲ ಏನೂ ಇಲ್ಲ. ಹೊಸ ವಾಷರ್, ಹಳೇ ಬೋಲ್ಟ್, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಅಲ್ ಹೇಳಿದ 25 ನ್ಯೂಟನ್ ಮೀಟರ್. ಪೈಪ್ ಹಾಕಿ ಎಳೆದದ್ದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ ಅನ್ನಿಸಿತು.

ಅದಾದ ಮೇಲೆ ನಾಲ್ಕು ಸಲ ಆಯಿಲ್ ಬದಲಾಯಿಸಿದ್ದೇನೆ, ಒಂದು ಹನಿ ಇಲ್ಲ. ಎರಡನೇ ಸಲ ಬೋಲ್ಟಿನ ಜೊತೆ ಸುರುಳಿಯೂ ಬಂದುಬಿಡುತ್ತದೇನೋ ಅಂತ ಭಯ ಇತ್ತು, ಬರಲಿಲ್ಲ. ಧೈರ್ಯ ಬಂದು ಕ್ಲಚ್ ಕವರಿನ ಒಂದು 6 ಎಂಎಂ ಥ್ರೆಡ್ಡನ್ನೂ ಸರಿ ಮಾಡಿದೆ, ಅದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಒಂದು ಮಾತು, ಕೇಸಿಂಗ್ ಬಿರುಕು ಬಿಟ್ಟಿದ್ದರೆ ಅಥವಾ ತೂತಿನ ಸುತ್ತ ಲೋಹ ತೆಳ್ಳಗಿದ್ದರೆ ಇದಕ್ಕೆ ಕೈ ಹಾಕಬೇಡಿ, ಲೇತಿನವರ ಹತ್ತಿರವೇ ಹೋಗಿ.

ಕಿಟ್‌ನಲ್ಲಿ ಇನ್ನೂ ಮೂರು ಸುರುಳಿ ಉಳಿದಿವೆ. 12 ಎಂಎಂ, 1.5 ಪಿಚ್. ದಾವಣಗೆರೆ ಕಡೆ ಯಾರಿಗಾದರೂ ಬೇಕಿದ್ದರೆ ಟ್ಯಾಪ್ ಸಮೇತ ಕೊಡುತ್ತೇನೆ, ಟ್ಯಾಪ್ ಮಾತ್ರ ವಾಪಸ್ ಕೊಡಿ.